ತಮ್ಮ ದನಿಗೆ ತಾವೇ ಕಟ್ಟಿದ ಮನೆ

ವೆಸ್ಟ್ ಇಂಡೀಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ಮೊದಲು ನೆನಪಾಗುವುದು ಕ್ರಿಕೆಟ್ಟು. 1974ರ ನವೆಂಬರಿನಲ್ಲಿ ಬೆಂಗಳೂರಿನ ಹೊಸ ಕ್ರೀಡಾಂಗಣದಲ್ಲಿ ಮೊತ್ತಮೊದಲ ಟೆಸ್ಟ್ ಪಂದ್ಯ ನಡೆದಾಗ ನಾನಿನ್ನೂ ಶಾಲೆಯ ವಿದ್ಯಾರ್ಥಿ. ಗಾರ್ಡನ್ ಗ್ರೀನಿಜ್ ಮತ್ತು ವಿವಿಯನ್ ರಿಚರ್ಡ್ಸ್ ಎಂಬ ಇಬ್ಬರು ತರುಣರು ತಮ್ಮ ಟೆಸ್ಟ್ ಜೀವನವನ್ನು ಆರಂಭಿಸಿದ್ದು ಆ ಪಂದ್ಯದಲ್ಲಿಯೇ. ಮೊದಲನೆಯವರು ಒಂದು ಇನ್ನಿಂಗ್ಸಿನಲ್ಲಿ 93, ಇನ್ನೊಂದರಲ್ಲಿ 107 ರನ್ನು ಹೊಡೆದರು. ಎರಡನೆಯವರು ಎರಡು ಸಲವೂ ನಮ್ಮ ಚಂದ್ರಶೇಖರ್ ಅವರ ಬೌಲಿಂಗಿಗೆ ಬೇಗನೆ ಔಟಾದರು. ನೆರೆಮನೆಯ ಜಗಲಿಯ ಮೇಲಿದ್ದ ರೇಡಿಯೋದ ಸುತ್ತ ಕುಳಿತು ನಾವು ಆ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡೆವು. ಆದರೆ ಆ ಆಟಗಾರರ ಊರಿನಲ್ಲಿ ಜನ ಯಾವ ಹಾಡು ಕೇಳುತ್ತಾರೆ, ಯಾವ ಪತ್ರಿಕೆ ಓದುತ್ತಾರೆ, ಮನೆಯೊಳಗೆ ಯಾವ ನುಡಿಯಾಡುತ್ತಾರೆ ಎಂಬ ಪ್ರಶ್ನೆ ನಮಗಾರಿಗೂ ಹೊಳೆಯಲಿಲ್ಲ.

ಆ ಪ್ರಶ್ನೆಗೆ ಒಂದು ಸುಳಿವು ಮೂರು ವರ್ಷ ಮೊದಲೇ ದೊರೆತಿತ್ತು. 1971ರಲ್ಲಿ ಸುನಿಲ್ ಗಾವಸ್ಕರ್ ಅಲ್ಲಿಗೆ ಹೋಗಿ ಒಂದೇ ಸರಣಿಯಲ್ಲಿ 774 ರನ್ನು ಗಳಿಸಿದಾಗ, ಲಾರ್ಡ್ ರಿಲೇಟರ್ ಎಂಬ ಟ್ರಿನಿಡಾಡಿನ ಗಾಯಕರು ಅವರ ಮೇಲೆ ಒಂದು ಕ್ಯಾಲಿಪ್ಸೊ ಕಟ್ಟಿ ಹಾಡಿದರು. ತಮ್ಮವರನ್ನು ಸೋಲಿಸಿದ ಪರದೇಶದ ಹುಡುಗನನ್ನು ಹೊಗಳುವ ಹಾಡು! ಕ್ಯಾಲಿಪ್ಸೊ ಎಂಬುದು ಕೇವಲ ಮನರಂಜನೆಯ ಗೀತೆಯಲ್ಲ. ಪತ್ರಿಕೆಯನ್ನು ಕೊಳ್ಳಲಾರದ, ಕೊಂಡರೂ ಅದರಲ್ಲಿ ತಮ್ಮ ಸುದ್ದಿಯನ್ನು ಕಾಣದ ಜನ ಕಟ್ಟಿಕೊಂಡ ಪತ್ರಿಕೆ ಅದು. ಚುನಾವಣೆ, ಹಗರಣ, ಬೆಲೆಯೇರಿಕೆ, ಕ್ರಿಕೆಟ್ಟು ಎಲ್ಲವೂ ಅದರಲ್ಲಿ ಹಾಡಾಗಿ ಬೀದಿಗೆ ಬರುತ್ತಿದ್ದವು.

ಇಂದು ನಾನು ಹೇಳಹೊರಟಿರುವುದು ಆ ಪತ್ರಿಕೆ ಹೇಗೆ ಬೆಳೆಯಿತೆಂಬ ಕಥೆಯನ್ನು. ಕೆರಿಬಿಯನ್ ದ್ವೀಪಗಳ ಜನ, ಅಲ್ಲಿಂದ ವಲಸೆ ಹೋದವರು, ವಲಸೆ ಹೋದವರ ಮಕ್ಕಳು, ಇವರೆಲ್ಲ ಪರರ ಮಾಧ್ಯಮಗಳಲ್ಲಿ ತಮಗೆ ಜಾಗವಿಲ್ಲವೆಂದು ಕಂಡಾಗ ತಮ್ಮ ದನಿಗೆ ತಾವೇ ಮನೆ ಕಟ್ಟಿಕೊಂಡರು. ಆ ಮನೆಗಳಲ್ಲಿ ಕೆಲವು ಬಿದ್ದುಹೋದವು, ಒಂದೆರಡು ನಿಂತವು. ಏಕೆ ಬಿದ್ದವು, ಹೇಗೆ ನಿಂತವು ಎಂಬುದು ಸಾಹಿತ್ಯದ ವಿದ್ಯಾರ್ಥಿಗಳೂ ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ನನ್ನ ನಂಬಿಕೆ.

ಮೊದಲು ಪರರ ಮನೆಯ ಮಾತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಊನಾ ಮಾರ್ಸನ್ ಎಂಬ ಜಮೈಕಾದ ಕವಯಿತ್ರಿ ಲಂಡನ್ನಿನ ಬಿ.ಬಿ.ಸಿ.ಯಲ್ಲಿ 'ಕೆರಿಬಿಯನ್ ವಾಯ್ಸಸ್' ಎಂಬ ಸಾಹಿತ್ಯ ಕಾರ್ಯಕ್ರಮವನ್ನು ಆರಂಭಿಸಿದರು. ಯುದ್ಧಾನಂತರ ಹೆನ್ರಿ ಸ್ವಾಂಜಿ ಎಂಬವರು ಅದನ್ನು ಬೆಳೆಸಿದರು. ದ್ವೀಪಗಳ ತರುಣ ಲೇಖಕರು ಕಥೆ, ಕವಿತೆಗಳನ್ನು ಲಂಡನ್ನಿಗೆ ಕಳುಹಿಸುವರು. ಅವು ಅಲ್ಲಿಂದ ಬಾನುಲಿಯ ಮೂಲಕ ಮರಳಿ ದ್ವೀಪಗಳಿಗೆ ಬರುವುವು. ಡೆರೆಕ್ ವಾಲ್ಕಾಟ್, ಜಾರ್ಜ್ ಲ್ಯಾಮಿಂಗ್, ಸ್ಯಾಮ್ ಸೆಲ್ವನ್ ಮೊದಲಾದವರ ದನಿ ಹೀಗೆ ಕೇಳಿಬಂತು. 1954ರಿಂದ ಕೆಲಕಾಲ ಅದರ ಸಂಪಾದನೆ ಮಾಡಿದವರು ವಿ.ಎಸ್. ನೈಪಾಲ್. ಮುಂದೆ ವಾಲ್ಕಾಟರಿಗೆ 1992ರಲ್ಲಿ, ನೈಪಾಲರಿಗೆ 2001ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಒಂದು ಬಾನುಲಿ ಕಾರ್ಯಕ್ರಮ ಒಂದು ಸಾಹಿತ್ಯಕ್ಕೆ ತೊಟ್ಟಿಲಾದ ಇಂಥ ಉದಾಹರಣೆ ಅಪರೂಪ.

ಆದರೆ ತೊಟ್ಟಿಲು ಪರರದು. ಯಾವ ಕಥೆ ಪ್ರಸಾರವಾಗಬೇಕು, ಯಾವುದು ಬೇಡ ಎಂಬ ನಿರ್ಧಾರ ಲಂಡನ್ನಿನಲ್ಲಿ ಆಗುತ್ತಿತ್ತು. 1958ರಲ್ಲಿ ಬಿ.ಬಿ.ಸಿ. ಆ ಕಾರ್ಯಕ್ರಮವನ್ನು ನಿಲ್ಲಿಸಿತು. ಕೊಟ್ಟವರೇ ಹಿಂತೆಗೆದುಕೊಂಡರೆ ಕೇಳುವವರಾರು?

ಅದೇ 1958ರ ಮಾರ್ಚಿಯಲ್ಲಿ ಅದೇ ಲಂಡನ್ನಿನ ಬ್ರಿಕ್ಸ್‌ಟನ್ ಬಡಾವಣೆಯಲ್ಲಿ ಇನ್ನೊಂದು ಆರಂಭವಾಯಿತು. ಅದರ ಹಿಂದಿದ್ದವರು ಕ್ಲಾಡಿಯಾ ಜೋನ್ಸ್. 1915ರಲ್ಲಿ ಟ್ರಿನಿಡಾಡಿನಲ್ಲಿ ಹುಟ್ಟಿದ ಈಕೆ 1924ರಲ್ಲಿ ನ್ಯೂಯಾರ್ಕಿಗೆ ಬಂದರು. ಬಡತನದಲ್ಲಿ ತಾಯಿಯನ್ನು ಕಳೆದುಕೊಂಡರು, ಕ್ಷಯದಿಂದ ಬಳಲಿದರು, ಕಮ್ಯುನಿಸ್ಟ್ ಚಳವಳಿಯನ್ನು ಸೇರಿ ಪತ್ರಕರ್ತೆಯಾದರು. ಅಮೆರಿಕದ ಸರಕಾರ ಅವರನ್ನು ಸೆರೆಮನೆಗೆ ಕಳುಹಿಸಿತು. 1955ರಲ್ಲಿ ದೇಶದಿಂದಲೇ ಹೊರಗಟ್ಟಿತು. ಬ್ರಿಟನ್ನಿಗೆ ಬಂದ ಆಕೆ 'ವೆಸ್ಟ್ ಇಂಡಿಯನ್ ಗೆಜೆಟ್' ಎಂಬ ಪತ್ರಿಕೆಯನ್ನು ಸ್ಥಾಪಿಸಿದರು. ಅದರ ಹೆಸರಿಗೆ ಮುಂದೆ 'ಆಫ್ರೊ-ಏಷ್ಯನ್ ಕೆರಿಬಿಯನ್ ನ್ಯೂಸ್' ಎಂಬ ಬಾಲವೂ ಸೇರಿತು. ಏಷ್ಯನ್ ಎಂಬ ಮಾತು ಅಲಂಕಾರಕ್ಕೆ ಬಂದುದಲ್ಲ. 1845ರಿಂದ ಮೊದಲ್ಗೊಂಡು ಭಾರತದ ಕೂಲಿಗಳನ್ನು ಹೊತ್ತ ಹಡಗುಗಳು ಟ್ರಿನಿಡಾಡನ್ನೂ ಜಮೈಕಾವನ್ನೂ ಮುಟ್ಟಿದ್ದವು. ನೈಪಾಲರ, ಸೆಲ್ವನ್ನರ ಪೂರ್ವಜರು ಆ ವಲಸೆಗೆ ಸೇರಿದವರೇ.

ಪತ್ರಿಕೆ ಹುಟ್ಟಿದ ಆರು ತಿಂಗಳೊಳಗೆ, ಆಗಸ್ಟಿನ ಕೊನೆಯಲ್ಲಿ, ನಾಟಿಂಗ್ ಹಿಲ್ ಪ್ರದೇಶದಲ್ಲಿ ಕಪ್ಪು ಜನರ ಮೇಲೆ ಹಲ್ಲೆಗಳು ನಡೆದವು. ಇದಕ್ಕೆ ಗೆಜೆಟ್ ಬರಹದಲ್ಲಿ ಉತ್ತರ ಕೊಟ್ಟಿತು. ಆದರೆ ಬರಹವಷ್ಟೇ ಸಾಲದೆಂದು ಜೋನ್ಸ್‌ರಿಗೆ ಅನ್ನಿಸಿತು. 1959ರ ಜನವರಿ 30ರಂದು ಸೇಂಟ್ ಪ್ಯಾಂಕ್ರಾಸ್ ಟೌನ್ ಹಾಲಿನಲ್ಲಿ ಅವರು ತಮ್ಮ ಊರಿನ ಕಾರ್ನಿವಲ್ ಹಬ್ಬವನ್ನು ಏರ್ಪಡಿಸಿದರು. ಹೊರಗೆ ಲಂಡನ್ನಿನ ಚಳಿಗಾಲ, ಒಳಗೆ ಟ್ರಿನಿಡಾಡಿನ ಉಕ್ಕಿನ ಪೀಪಾಯಿಗಳ ವಾದ್ಯ. ಅದರಿಂದ ಬಂದ ಹಣದಲ್ಲಿ ಒಂದು ಪಾಲು ಗಲಭೆಯ ಮೊಕದ್ದಮೆಗಳಲ್ಲಿ ದಂಡ ತೆರಬೇಕಾಗಿ ಬಂದ ಕಪ್ಪು ಮತ್ತು ಬಿಳಿಯ ತರುಣರಿಬ್ಬರಿಗೂ ಮೀಸಲಾಗಿತ್ತು. ಬಿ.ಬಿ.ಸಿ. ಆ ಹಬ್ಬವನ್ನು ಟೆಲಿವಿಷನ್ನಿನಲ್ಲಿ ತೋರಿಸಿತು. ಇಂದು ಲಂಡನ್ನಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಜನ ಸೇರುವ ನಾಟಿಂಗ್ ಹಿಲ್ ಕಾರ್ನಿವಲ್‌ಗೆ ಆಕೆಯನ್ನು ತಾಯಿಯೆಂದು ಕರೆಯುವುದು ಇದೇ ಕಾರಣದಿಂದ.

ಆದರೆ ಗೆಜೆಟ್ ಬದುಕಲಿಲ್ಲ. ಹಣದ ಮುಗ್ಗಟ್ಟು ಅದನ್ನು ಎಂದೂ ಬಿಡಲಿಲ್ಲ. 1964ರ ಡಿಸೆಂಬರಿನಲ್ಲಿ ಜೋನ್ಸ್ ತೀರಿಕೊಂಡರು. ಅನಂತರ ನಾಲ್ಕೇ ಸಂಚಿಕೆಗಳು ಹೊರಬಂದು 1965ರಲ್ಲಿ ಪತ್ರಿಕೆ ನಿಂತುಹೋಯಿತು. ಒಬ್ಬ ವ್ಯಕ್ತಿಯ ಉಸಿರಿನಿಂದ ನಡೆಯುವ ಪತ್ರಿಕೆ ಆ ಉಸಿರಿನೊಂದಿಗೇ ನಿಲ್ಲುತ್ತದೆ. ನಮ್ಮ ಸಾಹಿತ್ಯ ಪತ್ರಿಕೆಗಳ ಚರಿತ್ರೆಯನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ನಡುವೆ ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಲ್ಲಿ ಬೇರೊಂದು ಬಗೆಯ ಮಾಧ್ಯಮ ಬೆಳೆಯುತ್ತಿತ್ತು. ಅಲ್ಲಿ 1950ರಲ್ಲಿ ವಾಣಿಜ್ಯ ಬಾನುಲಿ ಬಂತು, 1959ರಲ್ಲಿ ಸಾರ್ವಜನಿಕ ಬಾನುಲಿ ಸಂಸ್ಥೆ ಬಂತು. ಎರಡಕ್ಕೂ ಪರದೇಶದ ಸಂಗೀತದ ಮೇಲೆ ಒಲವು. ಕೇರಿಯ ಹುಡುಗರ ಹಾಡಿಗೆ ಅಲ್ಲಿ ಬಾಗಿಲು ತೆರೆಯುವುದು ಕಷ್ಟ. ಬಡವರ ಮನೆಗಳಲ್ಲಿ ರೇಡಿಯೋ ಪೆಟ್ಟಿಗೆಯೂ ಅಪರೂಪ. ಆಗ ಕೆಲವರು ದೊಡ್ಡ ದೊಡ್ಡ ಧ್ವನಿವರ್ಧಕಗಳನ್ನು ಬಡಗಿಗಳಿಂದ ಮಾಡಿಸಿ, ಗ್ರಾಮಫೋನ್ ತಟ್ಟೆಗಳನ್ನು ಕೂಡಿಸಿ, ಬಯಲಿನಲ್ಲೋ ಹಿತ್ತಿಲಿನಲ್ಲೋ ರಾತ್ರಿಯ ನರ್ತನಗಳನ್ನು ಏರ್ಪಡಿಸತೊಡಗಿದರು. ಇದಕ್ಕೆ 'ಸೌಂಡ್ ಸಿಸ್ಟಮ್' ಎಂದು ಹೆಸರು. ಪ್ರವೇಶಕ್ಕೆ ಅಲ್ಪ ಹಣ, ಲಾಭವೆಲ್ಲ ಪಾನೀಯದ ಮಾರಾಟದಿಂದ. ಡ್ಯೂಕ್ ರೀಡ್ ಎಂಬ ಮಾಜಿ ಪೋಲೀಸಿನವರು ಹೆಂಡದಂಗಡಿ ಇಟ್ಟುಕೊಂಡೇ ಸೌಂಡ್ ಸಿಸ್ಟಮ್ ನಡೆಸಿದ್ದರ ಗುಟ್ಟು ಇದೇ.

ಅವರ ಪ್ರತಿಸ್ಪರ್ಧಿ ಕಾಕ್ಸನ್ ಡಾಡ್. ಇಬ್ಬರೂ ಅಮೆರಿಕದಿಂದ ಹೊಸ ಮುದ್ರಿಕೆಗಳನ್ನು ತರಿಸುವರು. ಎದುರಾಳಿಗೆ ಹಾಡಿನ ಹೆಸರು ತಿಳಿಯಬಾರದೆಂದು ತಟ್ಟೆಯ ಮೇಲಿನ ಚೀಟಿಯನ್ನು ಕೆರೆದು ತೆಗೆಯುವರು. ವಿಲ್ಲಿಸ್ ಜಾಕ್ಸನ್ ಎಂಬ ಅಮೆರಿಕನ್ ವಾದಕರ ಒಂದು ಕೃತಿಗೆ ಡಾಡ್ ತಮ್ಮದೇ ಹೆಸರಿಟ್ಟು 'ಕಾಕ್ಸನ್ ಹಾಪ್' ಎಂದು ಬಹುಕಾಲ ಮೆರೆಸಿದರು. ಅಮೆರಿಕದಿಂದ ಬರುವ ಸಂಗೀತದ ಧಾಟಿ ಬದಲಾದಾಗ ಇವರು ಸ್ಥಳೀಯ ಗಾಯಕರಿಂದಲೇ ಹಾಡಿಸಿ ಮುದ್ರಿಸತೊಡಗಿದರು. ಡಾಡ್ 1963ರಲ್ಲಿ ಸ್ಥಾಪಿಸಿದ 'ಸ್ಟುಡಿಯೋ ಒನ್' ಅದರ ಫಲ. ಸ್ಕಾ, ರಾಕ್‌ಸ್ಟೆಡಿ, ರೆಗ್ಗೆ ಎಂಬ ಸಂಗೀತ ಪ್ರಕಾರಗಳು ಇಂಥ ಕಡೆಗಳಲ್ಲಿ ರೂಪು ತಳೆದವು. ಹೀಗೆ ಪ್ರಸಾರದ ಸಾಧನ ಮೊದಲು ಬಂತು. ಅದರ ಹಸಿವನ್ನು ತಣಿಸಲು ಸೃಷ್ಟಿ ಆಮೇಲೆ ಬಂತು. ಕಲೆ ಹುಟ್ಟಿದ ಮೇಲೆ ಮಾಧ್ಯಮ ಹುಟ್ಟುತ್ತದೆಂಬ ನಮ್ಮ ಸಾಮಾನ್ಯ ಎಣಿಕೆಯನ್ನು ಇದು ತಲೆಕೆಳಗು ಮಾಡುತ್ತದೆ.

ಸಾಹಿತ್ಯದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದವನು ಮೈಕು ಹಿಡಿದು ನಿಂತವನು. ತಟ್ಟೆಯನ್ನು ಆರಿಸಿ ಹಾಕುವವನಿಗೆ ಅಲ್ಲಿ 'ಸೆಲೆಕ್ಟರ್' ಎಂದು ಹೆಸರು. ಹಾಡಿನ ನಡುವೆ ಲಯಬದ್ಧವಾಗಿ ಮಾತು ಹೆಣೆದು, ಬಂದವರನ್ನು ಹೆಸರು ಹಿಡಿದು ಸ್ವಾಗತಿಸಿ, ಕೇರಿಯ ಸುದ್ದಿಯನ್ನು ಚುಟುಕಾಗಿ ಹೇಳಿ ನಗಿಸುವವನಿಗೆ 'ಡೀಜೇ' ಎಂದು ಹೆಸರು. ಅವನ ಮಾತು ಶಾಲೆಯ ಇಂಗ್ಲಿಷಲ್ಲ, ಮನೆಯ ಪಾಟ್ವಾ. ಈ ಜನನುಡಿಯನ್ನು ಲೂಯಿಸ್ ಬೆನೆಟ್ ಎಂಬ ಕವಯಿತ್ರಿ ಬಹು ಹಿಂದೆಯೇ ಕಾವ್ಯಕ್ಕೆ ತಂದಿದ್ದರು. ಬಾರ್ಬಡೋಸಿನ ಕವಿ ಕಮಾವು ಬ್ರಾತ್‌ವೇಟ್ 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಅದಕ್ಕೆ ಶಾಸ್ತ್ರೀಯ ಸಮರ್ಥನೆಯನ್ನೂ ಕೊಟ್ಟರು. ಆದರೆ ಅದನ್ನು ಪ್ರತಿ ಶನಿವಾರ ರಾತ್ರಿ ಸಾವಿರ ಕಿವಿಗಳಿಗೆ ಮುಟ್ಟಿಸಿದವರು ಡೀಜೇಗಳು. 1970ರಲ್ಲಿ ಯು-ರಾಯ್ ಎಂಬ ಡೀಜೇಯ ಮೂರು ಮುದ್ರಿಕೆಗಳು ಒಟ್ಟಿಗೇ ಜಮೈಕಾದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನಗಳಲ್ಲಿ ನಿಂತವು. ಬಾನುಲಿ ಕೇಂದ್ರಗಳು ಬೇಡವೆಂದ ನುಡಿ ಬಾನುಲಿಯ ಪಟ್ಟಿಯನ್ನೇ ಆಳಿತು.

1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಗೊಳಿಸಿತು. ದ್ವೀಪಗಳ ಜನ ದೊಡ್ಡ ಸಂಖ್ಯೆಯಲ್ಲಿ ನ್ಯೂಯಾರ್ಕಿಗೆ ಬಂದು ಬ್ರೂಕ್ಲಿನ್, ಬ್ರಾಂಕ್ಸ್, ಕ್ವೀನ್ಸ್ ವಿಭಾಗಗಳಲ್ಲಿ ನೆಲೆಸಿದರು. ಕಿಂಗ್‌ಸ್ಟನ್ನಿನಲ್ಲಿ 'ರ್‍ಯಾಂಡೀಸ್' ಎಂಬ ಮುದ್ರಿಕೆಯಂಗಡಿ ನಡೆಸುತ್ತಿದ್ದ ವಿನ್ಸೆಂಟ್ ಮತ್ತು ಪೆಟ್ರೀಷಿಯಾ ಚಿನ್ ದಂಪತಿಗಳು 1970ರ ದಶಕದ ಕೊನೆಯಲ್ಲಿ ಕ್ವೀನ್ಸಿನಲ್ಲಿ ಅಂಗಡಿ ತೆರೆದು, ತಮ್ಮಿಬ್ಬರ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ 'ವಿ.ಪಿ.' ಎಂದು ಹೆಸರಿಟ್ಟರು. ಪೆಟ್ರೀಷಿಯಾ ಅವರ ತಂದೆಯ ಕಡೆಯ ಮೂಲ ಭಾರತ, ತಾಯಿಯ ಕಡೆಯದು ಚೀನಾ. ಆ ಅಂಗಡಿಯೇ ಬೆಳೆದು ರೆಗ್ಗೆ ಸಂಗೀತದ ಅತಿ ದೊಡ್ಡ ಸ್ವತಂತ್ರ ಮುದ್ರಣ ಸಂಸ್ಥೆಗಳಲ್ಲಿ ಒಂದಾಯಿತು.

1967ರಲ್ಲಿ ಹೀಗೆಯೇ ಬ್ರಾಂಕ್ಸಿಗೆ ಬಂದ ಹನ್ನೆರಡು ವರ್ಷದ ಹುಡುಗ ಕ್ಲೈವ್ ಕ್ಯಾಂಪ್‌ಬೆಲ್; ಮುಂದೆ 'ಕೂಲ್ ಹರ್ಕ್' ಎಂದು ಪ್ರಸಿದ್ಧನಾದವನು. ಆಗ ಬ್ರಾಂಕ್ಸ್ ನೊಂದ ಊರು. ಅದರ ನಡುವೆ ಸೀಳಿಕೊಂಡು ಹೋದ ಹೆದ್ದಾರಿ ಸಾವಿರಾರು ಸಂಸಾರಗಳನ್ನು ಒಕ್ಕಲೆಬ್ಬಿಸಿತ್ತು. ಖಾಲಿ ಕಟ್ಟಡಗಳು ಒಂದೊಂದಾಗಿ ಬೆಂಕಿಗೆ ತುತ್ತಾಗುತ್ತಿದ್ದವು. 1973ರ ಆಗಸ್ಟ್ 11ರಂದು ಹರ್ಕನ ತಂಗಿ ಸಿಂಡಿ, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಬೇಕೆಂದು, ಸೆಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ಕಟ್ಟಡದ ಸಮುದಾಯದ ಕೋಣೆಯಲ್ಲಿ ಒಂದು ಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು ಪ್ರವೇಶಧನ. ಹರ್ಕ್ ತನ್ನ ತಂದೆಯ ಧ್ವನಿವರ್ಧಕಗಳನ್ನು ಹೂಡಿದ. ಹಾಡಿನಲ್ಲಿ ಗಾಯನ ನಿಂತು ತಾಳವಾದ್ಯವಷ್ಟೇ ಉಳಿಯುವ ಘಳಿಗೆಯಲ್ಲಿ ಜನ ಹೆಚ್ಚು ಉತ್ಸಾಹದಿಂದ ಕುಣಿಯುವುದನ್ನು ಅವನು ಕಂಡುಕೊಂಡಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟು ಆ ತುಣುಕನ್ನೇ ಮತ್ತೆ ಮತ್ತೆ ಮುಂದುವರಿಸುವ ಉಪಾಯವನ್ನು ಬೆಳೆಸಿದ. ಅದರ ಮೇಲೆ ಮೈಕಿನಲ್ಲಿ ಲಯದ ಮಾತು. ಹಿಪ್ ಹಾಪ್ ಎಂಬ ಕಲೆಯ ಹುಟ್ಟುಹಬ್ಬವೆಂದು ಲೋಕ ಆಚರಿಸುವುದು ಆ ದಿನವನ್ನು. ಒಂದು ಸ್ವಾರಸ್ಯವೆಂದರೆ, ನ್ಯೂಯಾರ್ಕಿನಲ್ಲಿ ತಟ್ಟೆ ಹಾಕುವವನೇ 'ಡೀಜೇ' ಆದ. ಮಾತು ಹೆಣೆಯುವವನು 'ಎಂಸಿ' ಆದ. ಸಮುದ್ರ ದಾಟುವಾಗ ಪದ ತನ್ನ ಅರ್ಥವನ್ನು ಬದಲಿಸಿಕೊಂಡಿತು.

ಆದರೆ ಈ ಹೊಸ ಕಲೆಯನ್ನು ಬಾನುಲಿ ಬಹುಕಾಲ ಕಣ್ಣೆತ್ತಿ ನೋಡಲಿಲ್ಲ. 1979ರಲ್ಲಿ ಷುಗರ್‌ಹಿಲ್ ಗ್ಯಾಂಗ್ ತಂಡದ ಮುದ್ರಿಕೆ ಜಯಗಳಿಸಿದ ಮೇಲೂ ದೊಡ್ಡ ಕೇಂದ್ರಗಳು ಇದನ್ನು ಕ್ಷಣಿಕ ಹುಚ್ಚೆಂದೇ ಬಗೆದವು. ಮಿಸ್ಟರ್ ಮ್ಯಾಜಿಕ್ ಎಂಬ ನಿರೂಪಕರು, ಗಂಟೆಯ ಲೆಕ್ಕದಲ್ಲಿ ಪ್ರಸಾರದ ವೇಳೆಯನ್ನು ಮಾರುತ್ತಿದ್ದ ಒಂದು ಸಣ್ಣ ಕೇಂದ್ರದಲ್ಲಿ, ಕೈಯಿಂದ ಹಣ ತೆತ್ತು ನಡುರಾತ್ರಿಯ ವೇಳೆಯನ್ನು ಕೊಂಡು ರ್‍ಯಾಪ್ ಮುದ್ರಿಕೆಗಳನ್ನು ಕೇಳಿಸಿದರು. ಕೇಳುಗರ ಸಂಖ್ಯೆ ಬೆಳೆಯಿತು. 1982ರಲ್ಲಿ ಡಬ್ಲ್ಯು.ಬಿ.ಎಲ್.ಎಸ್. ಎಂಬ ದೊಡ್ಡ ಕೇಂದ್ರವೇ ಅವರನ್ನು ಕರೆಸಿಕೊಂಡಿತು.

ಟೆಲಿವಿಷನ್ನಿನ ಬಾಗಿಲು ಇನ್ನೂ ಬಿಗಿಯಾಗಿತ್ತು. 1981ರ ಆಗಸ್ಟಿನಲ್ಲಿ ಆರಂಭವಾದ ಎಂ.ಟಿ.ವಿ. ವಾಹಿನಿ ಹಗಲಿರುಳೂ ಹಾಡಿನ ಚಿತ್ರಗಳನ್ನು ತೋರಿಸುತ್ತಿತ್ತು; ಅದರಲ್ಲಿ ಕಪ್ಪು ಕಲಾವಿದರು ಕಾಣುವುದೇ ಅಪರೂಪ. ಇದೇಕೆಂದು ಬ್ರಿಟಿಷ್ ಗಾಯಕ ಡೇವಿಡ್ ಬೋವಿ 1983ರಲ್ಲಿ ಅದೇ ವಾಹಿನಿಯ ಸಂದರ್ಶನದಲ್ಲಿ ನೇರವಾಗಿ ಪ್ರಶ್ನಿಸಿದರು. ಇದಲ್ಲದೆ ಎಂ.ಟಿ.ವಿ. ಬರುತ್ತಿದ್ದುದು ಕೇಬಲ್ಲಿನ ಮೂಲಕ. ನ್ಯೂಯಾರ್ಕಿನಲ್ಲಿ ಸಿರಿವಂತರಿದ್ದ ಮ್ಯಾನ್‌ಹಟನ್ನಿಗೆ ಕೇಬಲ್ ಮೊದಲು ಬಂತು. ಹಿಪ್ ಹಾಪ್ ಹುಟ್ಟಿ ಬೆಳೆದ ಬ್ರಾಂಕ್ಸ್, ಬ್ರೂಕ್ಲಿನ್, ಕ್ವೀನ್ಸ್‌ಗಳ ಬಹುಭಾಗಕ್ಕೆ 1980ರ ದಶಕದ ಕೊನೆಯವರೆಗೂ ಬರಲಿಲ್ಲ. ಹಾಡಿದವರ ಕೇರಿಗೆ ಹಾಡಿನ ಚಿತ್ರ ತಲುಪಲು ತಂತಿಯೇ ಇರಲಿಲ್ಲ.

ಈ ಕೊರತೆಯನ್ನು ತುಂಬಿದವರು ರಾಲ್ಫ್ ಮೆಕ್‌ಡೇನಿಯಲ್ಸ್. ಬ್ರೂಕ್ಲಿನ್ನಿನಲ್ಲಿ ಹುಟ್ಟಿದ ಇವರ ಕುಟುಂಬದ ಬೇರು ಟ್ರಿನಿಡಾಡಿನಲ್ಲಿದೆ. ನ್ಯೂಯಾರ್ಕ್ ನಗರಸಭೆಗೇ ಸೇರಿದ ಡಬ್ಲ್ಯು.ಎನ್.ವೈ.ಸಿ. ಎಂಬ ಟೆಲಿವಿಷನ್ ಕೇಂದ್ರದಲ್ಲಿ ಅವರು ತಾಂತ್ರಿಕ ಕೆಲಸಕ್ಕೆ ಸೇರಿದ್ದರು. 31ನೆಯ ಸಂಖ್ಯೆಯ ಆ ವಾಹಿನಿಗೆ ಕೇಬಲ್ ಬೇಕಾಗಿರಲಿಲ್ಲ. ಪೆಟ್ಟಿಗೆಯ ಹಿಂದಿನ ಸಣ್ಣ ಆಂಟೆನಾವನ್ನು ಅತ್ತಿತ್ತ ತಿರುಗಿಸಿದರೆ ಚಿತ್ರ ಮೂಡುತ್ತಿತ್ತು. 1983ರಲ್ಲಿ ಮೆಕ್‌ಡೇನಿಯಲ್ಸ್ ತಮ್ಮ ಗೆಳೆಯ ಲಯನೆಲ್ ಮಾರ್ಟಿನ್ ಅವರೊಡನೆ 'ವಿಡಿಯೊ ಮ್ಯೂಸಿಕ್ ಬಾಕ್ಸ್' ಎಂಬ ಕಾರ್ಯಕ್ರಮವನ್ನು ಅಲ್ಲಿ ಆರಂಭಿಸಿದರು. ಶಾಲೆ ಬಿಟ್ಟು ಮಕ್ಕಳು ಮನೆಗೆ ಬರುವ ಮಧ್ಯಾಹ್ನದ ಹೊತ್ತು. ರ್‍ಯಾಪ್ ಹಾಡುಗಳ ಜೊತೆಗೆ ರೆಗ್ಗೆಯೂ ಡಾನ್ಸ್‌ಹಾಲ್ ಎಂಬ ಜಮೈಕಾದ ಹೊಸ ಶೈಲಿಯೂ ಅದರಲ್ಲಿ ಬೆರೆತವು. ದ್ವೀಪಗಳ ಮಕ್ಕಳೂ ಅಮೆರಿಕದ ಕಪ್ಪು ಮಕ್ಕಳೂ ಒಂದೇ ಬೀದಿಯಲ್ಲಿ ಬೆಳೆದವರು. ಅವರ ಕಾರ್ಯಕ್ರಮದಲ್ಲಿ ಮಾತ್ರ ಬೇಲಿ ಹಾಕುವುದು ಹೇಗೆ?

ಆ ಕಾರ್ಯಕ್ರಮದ ವಿಶೇಷ ಹಾಡುಗಳಲ್ಲಿ ಮಾತ್ರ ಇರಲಿಲ್ಲ. ಮೆಕ್‌ಡೇನಿಯಲ್ಸ್ ಕ್ಯಾಮೆರಾ ಹೊತ್ತು ಸಭಾಂಗಣಗಳಿಗೆ, ಉದ್ಯಾನಗಳಿಗೆ, ಬೀದಿಗಳಿಗೆ ಹೋದರು. ಎದುರಾದ ಸಾಮಾನ್ಯ ಜನರ ಮುಂದೆ ಮೈಕು ಹಿಡಿದು, ಯಾರಿಗೆ ನಮಸ್ಕಾರ ಹೇಳಬೇಕೋ ಹೇಳಿ ಎಂದರು. ಹುಡುಗರು ತಮ್ಮ ಅಜ್ಜಿಗೆ, ಗೆಳೆಯರಿಗೆ, ತಮ್ಮ ಬಡಾವಣೆಗೆ, ಸೆರೆಮನೆಯಲ್ಲಿದ್ದ ಅಣ್ಣನಿಗೆ ಹೆಸರು ಹೇಳಿ ವಂದಿಸಿದರು. ಇದು 'ಷೌಟ್ ಔಟ್' ಎಂದು ಪ್ರಸಿದ್ಧವಾಯಿತು. ಮೇಲ್ನೋಟಕ್ಕೆ ಹುಡುಗಾಟಿಕೆ. ಆದರೆ ಕಿಂಗ್‌ಸ್ಟನ್ನಿನ ಡೀಜೇ ಬಂದವರನ್ನು ಹೆಸರು ಹಿಡಿದು ಕರೆಯುತ್ತಿದ್ದ ರೂಢಿಯೇ ಇಲ್ಲಿ ಟೆಲಿವಿಷನ್ನಿಗೆ ಬಂದಿದೆಯೆಂದು ನನಗೆ ತೋರುತ್ತದೆ. ಸಂಜೆಯ ವಾರ್ತೆಯಲ್ಲಿ ಆ ಬಡಾವಣೆಗಳ ಹೆಸರು ಬರುತ್ತಿದ್ದುದು ಕೊಲೆಯ, ಬೆಂಕಿಯ ಸುದ್ದಿಯೊಂದಿಗೆ. ಅದೇ ಹೆಸರು ಇಲ್ಲಿ ಪ್ರೀತಿಯ ಕರೆಯಾಗಿ ಬಂತು. ತನ್ನ ಊರಿನ ಹೆಸರನ್ನು ತಾನೇ ಹೇಳುವುದಕ್ಕೂ ಇನ್ನೊಬ್ಬನ ಬಾಯಲ್ಲಿ ಕೇಳುವುದಕ್ಕೂ ಇರುವ ಅಂತರ ಅಲ್ಪವಲ್ಲ.

ಕಾರ್ಯಕ್ರಮ ಬೆಳೆಯಿತು. ಅದನ್ನು ಕಟ್ಟಿದವರು ಸ್ವಂತ ನಿರ್ಮಾಣ ಸಂಸ್ಥೆ ತೆರೆದು ಕಲಾವಿದರ ಹಾಡುಗಳಿಗೆ ಚಿತ್ರ ತೆಗೆದರು. 1994ರಲ್ಲಿ ನ್ಯಾಸ್ ಎಂಬ ತರುಣ ಕವಿಯ 'ಇಟ್ ಏಂಟ್ ಹಾರ್ಡ್ ಟು ಟೆಲ್', ವು-ಟ್ಯಾಂಗ್ ಕ್ಲ್ಯಾನ್ ತಂಡದ 'ಕ್ರೀಮ್' ಈ ಎರಡಕ್ಕೂ ಚಿತ್ರನಿರ್ದೇಶನ ಮೆಕ್‌ಡೇನಿಯಲ್ಸರದೇ. ಈ ಮಧ್ಯೆ 1988ರಲ್ಲಿ ಎಂ.ಟಿ.ವಿ.ಯೂ ರ್‍ಯಾಪ್ ಕಾರ್ಯಕ್ರಮವೊಂದನ್ನು ತೆರೆಯಿತು. ಕೇರಿಯ ಕಾರ್ಯಕ್ರಮ ಐದು ವರ್ಷ ಮೊದಲೇ ತೋರಿಸಿಕೊಟ್ಟ ದಾರಿಯನ್ನು ಶ್ರೀಮಂತ ವಾಹಿನಿ ತಡವಾಗಿ ಹಿಡಿಯಿತು.

ಆದರೆ ಮನೆ ತಮ್ಮದಾದರೂ ನೆಲ ಪರರದಾಗಿತ್ತು. 1995ರಲ್ಲಿ ನ್ಯೂಯಾರ್ಕ್ ನಗರಾಡಳಿತವು, ಪ್ರಸಾರ ಕೇಂದ್ರಗಳನ್ನು ನಡೆಸುವುದು ನಗರಸಭೆಯ ಕೆಲಸವಲ್ಲವೆಂದು, ಅವುಗಳನ್ನು ಮಾರಲು ತೀರ್ಮಾನಿಸಿತು. ಬಾನುಲಿ ಕೇಂದ್ರಗಳು 2 ಕೋಟಿ ಡಾಲರಿಗೆ ಅವುಗಳ ಹಿತೈಷಿಗಳ ಪ್ರತಿಷ್ಠಾನಕ್ಕೇ ದೊರೆತು ಸಾರ್ವಜನಿಕವಾಗಿ ಉಳಿದವು. ಟೆಲಿವಿಷನ್ ಕೇಂದ್ರಕ್ಕೆ ಎರಡು ದೊಡ್ಡ ಕಂಪನಿಗಳು ಕೂಡಿ 20 ಕೋಟಿ 70 ಲಕ್ಷ ಡಾಲರ್ ಕೊಟ್ಟವು. 1996ರ ಜೂನಿನ ಕೊನೆಗೆ ಹಳೆಯ ವಾಹಿನಿ ಮುಗಿಯಿತು. ವಿಡಿಯೊ ಮ್ಯೂಸಿಕ್ ಬಾಕ್ಸ್ ತನ್ನ ಗಂಟುಮೂಟೆ ಕಟ್ಟಿಕೊಂಡು 25ನೆಯ ಸಂಖ್ಯೆಯ ಇನ್ನೊಂದು ಸಾರ್ವಜನಿಕ ವಾಹಿನಿಗೆ ಹೋಯಿತು. ಗೆಜೆಟಿನಂತೆ ಅದು ಸಾಯಲಿಲ್ಲ. ವಾಹಿನಿ ಬದಲಾದರೂ ನೋಡುಗರು ಬಿಡಲಿಲ್ಲ. ಟೇಪುಗಳು ಕೇಂದ್ರದ ಬೀರುವಿನಲ್ಲಿರದೆ ಅದನ್ನು ಕಟ್ಟಿದವರ ಕೈಯಲ್ಲೇ ಉಳಿದಿದ್ದವು. ಅದರ ಆಯುಷ್ಯಕ್ಕೆ ಈ ಎರಡೂ ಕಾರಣ.

ಸ್ವತಂತ್ರವೆಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಸರಕಾರದಿಂದ ಬಿಡುಗಡೆ ಪಡೆದುದೆಲ್ಲ ಸ್ವತಂತ್ರವಲ್ಲ. 1988ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಮೇಸ್, ಜಾನ್ ಷೆಕ್ಟರ್ ಎಂಬ ವಿದ್ಯಾರ್ಥಿಗಳು ತಮ್ಮ ಬಾನುಲಿ ಕಾರ್ಯಕ್ರಮದ ಕೇಳುಗರಿಗಾಗಿ ಒಂದೇ ಹಾಳೆಯ ಪತ್ರಿಕೆ ಹೊರಡಿಸಿದರು. 'ದಿ ಸೋರ್ಸ್' ಎಂಬ ಆ ಹಾಳೆ ನ್ಯೂಯಾರ್ಕಿಗೆ ಬಂದು ಹಿಪ್ ಹಾಪ್ ಲೋಕದ ಪ್ರಮಾಣಗ್ರಂಥದಂತೆ ಬೆಳೆಯಿತು. ಅದರ ವಿಮರ್ಶೆಗೆ ಗಾಯಕರು ಹೆದರುತ್ತಿದ್ದರು. 1994ರಲ್ಲಿ ಪ್ರಕಾಶಕರು ತಮಗೆ ಆಪ್ತವಾದ ತಂಡವೊಂದರ ಮೇಲಿನ ಲೇಖನವನ್ನು ಸಂಪಾದಕರಿಗೆ ತಿಳಿಸದೆ ಸೇರಿಸಿದರೆಂದು ಷೆಕ್ಟರ್ ಮತ್ತು ಇತರ ಸಂಪಾದಕರು ಹೊರನಡೆದರು. ಪರರ ಒತ್ತಡವನ್ನು ಎದುರಿಸುವುದಕ್ಕಿಂತ ನಮ್ಮವರ ದಾಕ್ಷಿಣ್ಯವನ್ನು ಎದುರಿಸುವುದು ಕಷ್ಟವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇತ್ತ ಜಮೈಕಾದಲ್ಲಿಯೂ ಕಾಲ ಬದಲಾಯಿತು. 1990ರಲ್ಲಿ ಓಚೊ ರಿಯೊಸ್ ಪಟ್ಟಣದಿಂದ 'ಐರೀ ಎಫ್.ಎಂ.' ಎಂಬ ಕೇಂದ್ರ ದಿನವಿಡೀ ರೆಗ್ಗೆಯನ್ನೇ ಪ್ರಸಾರ ಮಾಡತೊಡಗಿತು. ದ್ವೀಪದ ಸಂಗೀತಕ್ಕೆ ದ್ವೀಪದ ಬಾನುಲಿಯಲ್ಲಿ ಪೂರ್ಣಾಧಿಕಾರ ದೊರೆತುದು, ಬಾಬ್ ಮಾರ್ಲಿ ಲೋಕವನ್ನೆಲ್ಲ ಗೆದ್ದು 1981ರಲ್ಲಿ ತೀರಿಕೊಂಡ ಒಂಬತ್ತು ವರ್ಷಗಳ ಮೇಲೆ.

ಈ ಕಥೆಯಲ್ಲಿ ಕಪ್ಪು ಚುಕ್ಕೆಗಳಿಲ್ಲವೆಂದು ನಾನು ಹೇಳಲಾರೆ. ಹೆಂಗಸರನ್ನು ಹೀನಾಯವಾಗಿ ಕಾಣುವ, ಬಂದೂಕನ್ನು ಕೊಂಡಾಡುವ, ಚಿನ್ನದ ಸರವನ್ನೇ ಪುರುಷಾರ್ಥವೆಂದು ಸಾರುವ ಹಾಡುಗಳು ಹಿಪ್ ಹಾಪ್‌ನಲ್ಲಿಯೂ ಡಾನ್ಸ್‌ಹಾಲ್‌ನಲ್ಲಿಯೂ ಧಾರಾಳವಾಗಿವೆ. ತಮ್ಮದೇ ಮಾಧ್ಯಮ ಬಂದೊಡನೆ ಸತ್ಯ ಬಂದೇಬರುತ್ತದೆಂಬ ಭರವಸೆಯಿಲ್ಲ. ದನಿಗೆ ಮನೆ ಸಿಕ್ಕಿದ ಮೇಲೆ ಆ ದನಿ ಏನು ಹೇಳುತ್ತದೆಂಬ ಹೊಣೆ ಉಳಿದೇ ಇರುತ್ತದೆ. ಆದರೆ ಈ ದೋಷಗಳನ್ನು ಮೊದಲು ಮತ್ತು ಗಟ್ಟಿಯಾಗಿ ಎತ್ತಿ ತೋರಿಸಿದವರಲ್ಲಿ ಆ ಸಮುದಾಯಗಳ ಹೆಂಗಸರೇ ಇದ್ದರು, ಹಲವರು ಅದೇ ಮೈಕನ್ನು ಹಿಡಿದೇ ಅದನ್ನು ಮಾಡಿದರು ಎಂಬುದನ್ನೂ ಮರೆಯಬಾರದು.

ಮನ್ನಣೆಯೂ ಬಂತು. 2018ರಲ್ಲಿ ಯುನೆಸ್ಕೊ ಜಮೈಕಾದ ರೆಗ್ಗೆಯನ್ನು ಮಾನವಕುಲದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ವರ್ಷ ಕೆಂಡ್ರಿಕ್ ಲಾಮಾರ್ ಎಂಬ ರ್‍ಯಾಪ್ ಕವಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಸಂದಿತು. ಮೆಕ್‌ಡೇನಿಯಲ್ಸರ ಪಾಲಿಗೆ ಬಂದ ಗೌರವ ಬೇರೆ ಬಗೆಯದು: ಕ್ವೀನ್ಸ್ ಸಾರ್ವಜನಿಕ ಗ್ರಂಥಾಲಯ ಹಿಪ್ ಹಾಪ್ ಕಾರ್ಯಕ್ರಮಗಳ ಸಂಯೋಜಕರಾಗಿ ಅವರನ್ನು ಕರೆದುಕೊಂಡಿತು. ಸಾವಿರಾರು ಗಂಟೆಗಳ ಟೇಪುಗಳನ್ನು ಕಾಪಾಡುವ ಕೆಲಸಕ್ಕೂ ಅವರು ತೊಡಗಿದರು. ಹಳೆಯ ಟೇಪು ತಾಳೆಗರಿಗಿಂತಲೂ ಬೇಗ ಸಾಯುತ್ತದೆ. ಅವರು ಒಮ್ಮೆ ಚಿತ್ರ ತೆಗೆದಿದ್ದ ಹುಡುಗ ನ್ಯಾಸ್, ಪ್ರಸಿದ್ಧನಾದ ಮೇಲೆ, 2021ರಲ್ಲಿ ಆ ಕಾರ್ಯಕ್ರಮವನ್ನೇ ಕುರಿತು ಸಾಕ್ಷ್ಯಚಿತ್ರವೊಂದನ್ನು ನಿರ್ದೇಶಿಸಿದರು. ಕ್ಯಾಮೆರಾದ ಮುಂದೆ ನಿಂತಿದ್ದವರು ಅದರ ಹಿಂದೆ ಬಂದು ನಿಂತರು. ಗುರುಕಾಣಿಕೆಯೆಂದರೆ ಇದೇ.

ಬರೆಯಲು ಓದಲು ಬಾರದವರೂ ಕಾವ್ಯದಲ್ಲಿ ನಿಪುಣರಾಗಿದ್ದ ನಾಡು ಇದು ಎಂದು ನಮ್ಮ ಕವಿರಾಜಮಾರ್ಗ ಹನ್ನೊಂದು ಶತಮಾನಗಳ ಹಿಂದೆ ಹೆಮ್ಮೆಪಟ್ಟಿತು. ನಾನು ಮೂವತ್ತು ವರ್ಷ ತರಗತಿಯಲ್ಲಿ ಆ ಮಾತನ್ನು ವಿವರಿಸಿದೆ. ಅವರ ಹೆಸರೇನು, ಅವರು ಏನು ಹಾಡಿದರು ಎಂದು ಒಬ್ಬ ವಿದ್ಯಾರ್ಥಿನಿ ಒಮ್ಮೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹೊಗಳಿಕೆ ಉಳಿಯಿತು, ಹೊಗಳಿಸಿಕೊಂಡವರ ದನಿ ಉಳಿಯಲಿಲ್ಲ. ಬ್ರೂಕ್ಲಿನ್ನಿನ ಆ ಟೇಪುಗಳಲ್ಲಿ ಅಜ್ಜಿಗೆ ನಮಸ್ಕಾರ ಹೇಳಿದ ಹುಡುಗ ಇನ್ನೂ ಇದ್ದಾನೆ, ತನ್ನ ಹೆಸರನ್ನು ತಾನೇ ಹೇಳುತ್ತಿದ್ದಾನೆ. ಅವನನ್ನು ಉಳಿಸಿದ್ದು ಯಾವ ಅರಸನ ಆಸ್ಥಾನವೂ ಅಲ್ಲ, ಯಾವ ವಿಶ್ವವಿದ್ಯಾಲಯವೂ ಅಲ್ಲ. ಕೆಲಸ ಮುಗಿದ ಮೇಲೆ ಟೇಪನ್ನು ಒರಸಿಹಾಕದೆ ಮನೆಗೆ ಒಯ್ದಿಟ್ಟುಕೊಂಡವರ ಶ್ರದ್ಧೆ. ಅಂಥ ಶ್ರದ್ಧೆ ಯಾವ ಊರಿನಲ್ಲಿದ್ದರೂ ನಮಗೆ ಪಾಠವೇ.